ಮೊದಲ ಕ್ಯಾಸೆಟ್ಟಿನ ದಾಯವಿಭಾಗ: ವೂ-ಟ್ಯಾಂಗ್ ಕೇಳುಗರ ವಿಷಯದಲ್ಲಿ ಮಿತಾಕ್ಷರಾ ಮತ, ಅತನೂರ ಹೋಬಳಿಗೆ ಅನ್ವಯಿಸಿ

1993ರ ನವೆಂಬರ್ 9ರಂದು, ನ್ಯೂಯಾರ್ಕಿನ ಸ್ಟೇಟನ್ ಐಲೆಂಡನ್ನು ತಮ್ಮ ಊರೆಂದು ಹೇಳಿಕೊಂಡ ಒಂಬತ್ತು ಮಂದಿ ರ‍್ಯಾಪ್ ಹಾಡುಗಾರರು ವೂ-ಟ್ಯಾಂಗ್ ಕ್ಲ್ಯಾನ್ ಎಂಬ ಹೆಸರಿನಲ್ಲಿ ತಮ್ಮ ಮೊದಲ ಆಲ್ಬಮ್ ‘ಎಂಟರ್ ದ ವೂ-ಟ್ಯಾಂಗ್: 36 ಚೇಂಬರ್ಸ್’ ಹೊರತಂದರು. ಅಂದಿನಿಂದ ಅದರ ಬಗ್ಗೆ ಕೇಳುಗರು ಆಡಿದ ಮಾತನ್ನೆಲ್ಲ ಕಣದಲ್ಲಿ ರಾಶಿ ಹಾಕಿ ತೂರಿದರೆ ಹೊಟ್ಟು ಹಾರಿ ಉಳಿಯುವ ಕಾಳು ಒಂದೇ: ಮೊದಲಿನ ಮಜಾ ಆಮೇಲೆ ಬರಲಿಲ್ಲ. ಇದನ್ನು ಸಂಗೀತವಿಮರ್ಶೆ ಎಂದು ಭ್ರಮಿಸಿದ ವಿದ್ವಾಂಸರು ಲಯ, ಪ್ರಾಸ, ಧ್ವನಿಗಳ ಬೆನ್ನು ಹತ್ತಿ ದಾರಿ ತಪ್ಪಿದ್ದಾರೆ. ಅಫಜಲಪುರ ತಾಲ್ಲೂಕಿನ ಅತನೂರ ಹೋಬಳಿಯಲ್ಲಿ ಇದೇ ವಾಕ್ಯವನ್ನು ಇದೇ ದನಿಯಲ್ಲಿ ಹೊಲದ ಬಗ್ಗೆ ಹೇಳುತ್ತಾರೆ: ಅಪ್ಪನ ಕಾಲದಾಗಿನ ಬೆಳಿ ಈಗಿಲ್ರಿ. ಆದ್ದರಿಂದ ಪ್ರಸ್ತುತ ಪ್ರಬಂಧದ ಪ್ರತಿಜ್ಞೆ ಇಷ್ಟು. ಗುಂಪೊಂದರ ಮೊದಲ ಆಲ್ಬಮ್ಮಿನ ಬಗ್ಗೆ ಕೇಳುಗನು ತಾಳುವ ಅಭಿಪ್ರಾಯ ಸಂಗೀತಕ್ಕೆ ಸಂಬಂಧಿಸಿದ್ದಲ್ಲ, ಪಿತ್ರಾರ್ಜಿತ ಆಸ್ತಿಗೆ ಸಂಬಂಧಿಸಿದ್ದು. ಅದರ ವಿಮರ್ಶೆಗೆ ಬೇಕಾದ ಗ್ರಂಥ ಒಂಬೈನೂರು ವರ್ಷಗಳ ಹಿಂದೆಯೇ ನಮ್ಮ ಸೀಮೆಯಲ್ಲಿ ಸಿದ್ಧವಾಗಿದೆ.

ಆ ಗ್ರಂಥ ಮಿತಾಕ್ಷರಾ. ಭೀಮಾ ತೀರದವರಿಗೆ ಅದರ ಪರಿಚಯ ಹೇಳಬೇಕಾಗಿಲ್ಲ. ಅಲ್ಲಿ ಅದು ಗ್ರಂಥವಾಗಿ ಅಲ್ಲ, ತಕರಾರಾಗಿ ಮನೆಮನೆಗೂ ಗೊತ್ತಿದೆ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಅಂದರೆ 1076ರಿಂದ 1126ರ ನಡುವೆ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನವಿದು. ಕಲಬುರಗಿ ಜಿಲ್ಲೆಯ ಮರತೂರು ಅವನನ್ನು ತನ್ನವನೆನ್ನುತ್ತದೆ. ಮಗನಿಗೆ ಅಪ್ಪನ ಆಸ್ತಿಯಲ್ಲಿ ಹಕ್ಕು ಬರುವುದು ಅಪ್ಪ ಸತ್ತಾಗಲಲ್ಲ, ಮಗ ಹುಟ್ಟಿದಾಗಲೇ ಎಂಬ ಜನ್ಮಸ್ವತ್ವವಾದಕ್ಕೆ ಈ ವ್ಯಾಖ್ಯಾನವೇ ದೊಡ್ಡ ಆಸರೆ. ಇಂಥ ಶುಷ್ಕ ಶಾಸ್ತ್ರಕಾರನಿಗೂ ರ‍್ಯಾಪಿಗೂ ಎತ್ತಣಿಂದೆತ್ತ ಸಂಬಂಧವೆಂದು ಕೇಳುವವರು ಗ್ರಂಥದ ಕೊನೆಯ ಪುಟಗಳನ್ನು ತಿರುವಿರಲಾರರು. ಕಲ್ಯಾಣದಂಥ ಊರು ಹಿಂದಿರಲಿಲ್ಲ ಮುಂದಿರದು, ವಿಕ್ರಮನಂಥ ದೊರೆ ಕಂಡಿಲ್ಲ ಕೇಳಿಲ್ಲ, ವಿಜ್ಞಾನೇಶ್ವರನಿಗೆ ಸಾಟಿಯಾದದ್ದು ಇನ್ನೊಂದಿಲ್ಲ ಎಂಬ ಅರ್ಥದ ಶ್ಲೋಕ ಅಲ್ಲಿದೆ. ಮೊದಲು ಓಣಿ, ಆಮೇಲೆ ಪೋಷಕ, ಕೊನೆಗೆ ತಾನು. ಹಿಪ್-ಹಾಪಿನ ಆತ್ಮಪ್ರಶಂಸೆಗೆ ಇದಕ್ಕಿಂತ ಹಳೆಯ ಮಾದರಿಯನ್ನು ಅದರ ತವರಾದ ಬ್ರಾಂಕ್ಸಿನವರು ತೋರಿಸಿದರೆ ಪ್ರಬಂಧವನ್ನು ಹಿಂದಕ್ಕೆ ಪಡೆಯಲು ಸಿದ್ಧರಿದ್ದೇವೆ.

ಸಾಕ್ಷ್ಯ ಗುಂಪಿನ ಹೆಸರಿನಿಂದಲೇ ಶುರುವಾಗುತ್ತದೆ. ಕ್ಲ್ಯಾನ್ ಎಂದರೆ ಕುಲ. ರಿಜ಼ಾ, ಜಿಜ಼ಾ, ಓಲ್ ಡರ್ಟಿ ಬಾಸ್ಟರ್ಡ್ ಎಂಬ ಮೂವರು ಸದಸ್ಯರೂ ಸೋದರಸಂಬಂಧಿಗಳು. ಪಿಂಡವೆಂದರೆ ಶ್ರಾದ್ಧದ ಅನ್ನದುಂಡೆಯಲ್ಲ, ಒಡಲಿನ ಅಂಶ ಎಂದು ಅರ್ಥ ಹೇಳಿದ ವಿಜ್ಞಾನೇಶ್ವರನ ಕಣ್ಣಿನಲ್ಲಿ ಇವರು ನಿರ್ವಿವಾದ ಸಪಿಂಡರು. ರಿಜ಼ಾ ಈ ಅವಿಭಕ್ತ ಕುಟುಂಬದ ಕರ್ತಾ: ಐದು ವರ್ಷ ನನ್ನ ಮಾತು ಕೇಳಿರಿ, ನಿಮ್ಮನ್ನು ಮೊದಲ ಸ್ಥಾನಕ್ಕೆ ಒಯ್ಯುತ್ತೇನೆ ಎಂದು ಉಳಿದವರಿಂದ ಮಾತು ಪಡೆದವನು. 1997ರ ಎರಡನೆಯ ಆಲ್ಬಮ್ ‘ವೂ-ಟ್ಯಾಂಗ್ ಫಾರೆವರ್’ ಬಿಲ್‌ಬೋರ್ಡ್ ಪಟ್ಟಿಯ ತಲೆಯ ಮೇಲೆ ಕೂತಾಗ ಆ ಮಾತು ಉಳಿಯಿತು. ಆದರೆ ನ್ಯಾಯಶಾಸ್ತ್ರದ ನಿಜವಾದ ಸೊಗಸಿರುವುದು ಲೌಡ್ ಎಂಬ ಧ್ವನಿಮುದ್ರಣ ಕಂಪನಿಯೊಂದಿಗಿನ ಕರಾರಿನಲ್ಲಿ. ಗುಂಪು ಒಟ್ಟಾಗಿ ಲೌಡ್‌ಗೆ ಹಾಡಬೇಕು. ಒಬ್ಬೊಬ್ಬನೂ ಮಾತ್ರ ತನಗೆ ಬೇಕಾದ ಕಂಪನಿಯಲ್ಲಿ ಸ್ವಂತಕ್ಕೆ ಹಾಡಿಕೊಳ್ಳಬಹುದು. 1994ರ ತನ್ನ ಆಲ್ಬಮ್ಮಿಗಾಗಿ ಮೆಥಡ್ ಮ್ಯಾನ್ ಡೆಫ್ ಜ್ಯಾಮ್‌ಗೆ ಹೋದ, 1995ರ ತಂತಮ್ಮ ಆಲ್ಬಮ್ಮುಗಳಿಗಾಗಿ ಓಲ್ ಡರ್ಟಿ ಬಾಸ್ಟರ್ಡ್ ಎಲೆಕ್ಟ್ರಾಗೆ, ಜಿಜ಼ಾ ಗೆಫೆನ್‌ಗೆ. ಇದು ಪಿತ್ರಾರ್ಜಿತ, ಅದು ಸ್ವಯಾರ್ಜಿತ ಎಂಬ ಗೆರೆಯನ್ನು ಮರತೂರಿನ ಪಂಡಿತನಿಗೆ ಸಲ್ಲುವಷ್ಟು ನಿಖರವಾಗಿ ನ್ಯೂಯಾರ್ಕಿನ ವಕೀಲರು ಎಳೆದರು. ಇಡೀ ಆಲ್ಬಮ್ಮಿನಲ್ಲಿ ಮಾಸ್ಟಾ ಕಿಲ್ಲಾ ಬಾಯಿ ತೆರೆಯುವುದು ಒಂದೇ ಹಾಡಿನಲ್ಲಿ, ಯು-ಗಾಡ್ ಎರಡರಲ್ಲಿ. ಆದರೂ ಕುಲದವರೆಂದರೆ ಒಂಬತ್ತೇ. ಒಂದು ದಿನ ಕಳೆ ತೆಗೆಯಲು ಬಂದ ತಮ್ಮನಿಗೂ ಸಮಪಾಲು ಏಕೆಂದು ಕೇಳುವ ಅಣ್ಣಂದಿರು ಅತನೂರ ಹೋಬಳಿಯಲ್ಲೂ ಇದ್ದಾರೆ, ಅವರಿಗೆ ಕೋರ್ಟು ಕೊಟ್ಟ ಉತ್ತರವೂ ಎಲ್ಲರಿಗೆ ಗೊತ್ತಿದೆ.

ಹಾಡಿದವರ ಪಾಡು ಹೀಗಾದರೆ ಕೇಳಿದವರದು ಇನ್ನೂ ಜಟಿಲ. ಮಿತಾಕ್ಷರಾ ದಾಯವನ್ನು ಎರಡಾಗಿ ಒಡೆಯುತ್ತದೆ. ಮಗನಿಗೆ ಹುಟ್ಟಿನಿಂದಲೇ ಬರುವುದು ಅಪ್ರತಿಬಂಧ; ಒಡೆಯ ಮಕ್ಕಳಿಲ್ಲದೆ ತೀರಿಕೊಂಡ ಮೇಲಷ್ಟೇ ಅಣ್ಣತಮ್ಮಂದಿರಿಗೋ ಚಿಕ್ಕಪ್ಪನಿಗೋ ಬರುವುದು ಸಪ್ರತಿಬಂಧ. 1993ರಲ್ಲೇ ಕ್ಯಾಸೆಟ್ ಹಾಕಿ ಕೇಳಿದವನು ಅಪ್ರತಿಬಂಧ ಶ್ರೋತೃ. ಅವನು ಮಾಡಿದ ಸಾಧನೆ ಏನೂ ಇಲ್ಲ. ಸರಿಯಾದ ವರ್ಷದಲ್ಲಿ ಕಿವಿ ಇಟ್ಟುಕೊಂಡು ಹುಟ್ಟಿದ, ಅಷ್ಟೆ. ಹದಿನೈದಿಪ್ಪತ್ತು ವರ್ಷ ತಡವಾಗಿ ಮೊಬೈಲಿನಲ್ಲಿ ಕೇಳಿದವನು ಸಪ್ರತಿಬಂಧ ಶ್ರೋತೃ. ಮೊದಲಿನವನು ಬಾಯಿ ಮುಚ್ಚುವವರೆಗೆ ಇವನ ಹಕ್ಕು ಮೊಳೆಯುವಂತಿಲ್ಲ, ಮೊದಲಿನವನಂತೂ ಬಾಯಿ ಮುಚ್ಚುವವನಲ್ಲ. ಅದಕ್ಕೇ ಇವನ ಅಭಿಪ್ರಾಯ ಯಾವಾಗಲೂ ‘ನಾನು ತಡವಾಗಿ ಕೇಳಿದೆ, ಆದರೂ’ ಎಂದು ಶುರುವಾಗುತ್ತದೆ. ಆ ‘ಆದರೂ’ ಎಂಬುದೇ ಪ್ರತಿಬಂಧದ ವ್ಯಾಕರಣ. ಆಲ್ಬಮ್ ಅಂದು ಬಿಲ್‌ಬೋರ್ಡಿನಲ್ಲಿ ಏರಿದ್ದು 41ನೆಯ ಮೆಟ್ಟಿಲವರೆಗೆ ಮಾತ್ರ. ಅಂದೇ ಕೇಳಿದೆವು ಎಂದು ಈಗ ಹೇಳುವವರು ಆ ಮೆಟ್ಟಿಲಿನ ಮೇಲೆ ಹಿಡಿಸುವಂತೆ ಕಾಣುವುದಿಲ್ಲ. ಇದರಲ್ಲಿ ಆಶ್ಚರ್ಯವೇನು? ಫವತಿ ಖಾತೆ ಬದಲಾಗುವ ದಿನ ತಹಶೀಲ್ದಾರ ಕಚೇರಿಯ ಮುಂದೆ ವಾರಸುದಾರರು ಬೇವಿನ ಮರದಿಂದಲೂ ಉದುರುತ್ತಾರೆ. ಇನ್ನು ‘ದ ಸೋರ್ಸ್’ ಎಂಬ ಹಿಪ್-ಹಾಪ್ ಪತ್ರಿಕೆ ಆಲ್ಬಮ್ಮಿಗೆ ಐದಕ್ಕೆ ನಾಲ್ಕೂವರೆ ಮೈಕು ಕೊಟ್ಟದ್ದರ ಬಗ್ಗೆ ಅಭಿಮಾನಿಗಳ ಹೊಟ್ಟೆಯುರಿ. ಸಿಕ್ಕ ನಾಲ್ಕೂವರೆಯ ಸುದ್ದಿ ಯಾರೂ ಎತ್ತುವುದಿಲ್ಲ, ಬಿಟ್ಟುಹೋದ ಅರ್ಧಕ್ಕೇ ಜಗಳ. ಇಪ್ಪತ್ತು ಎಕರೆಯ ಧಣಿ ಬದುವಿನ ಅರ್ಧ ಅಡಿಗಾಗಿ ಮೂರು ತಲೆಮಾರು ಕೋರ್ಟಿಗೆ ಅಲೆದದ್ದನ್ನು ಕಂಡ ಸೀಮೆಗೆ ಈ ಅರ್ಧ ಮೈಕನ್ನು ವಿವರಿಸಿ ಹೇಳಬೇಕೇ?

ಇಲ್ಲಿ ಪೂರ್ವಪಕ್ಷದವರು ಏಳುತ್ತಾರೆ. ಅಯ್ಯಾ, ಮೊದಲ ಆಲ್ಬಮ್ ನಿಜವಾಗಿಯೂ ಚೆನ್ನಾಗಿರಬಹುದಲ್ಲ? ಓದು ಬರಹ ತಿಳಿಯದ ಕನ್ನಡಿಗರೂ ಕಾವ್ಯದಲ್ಲಿ ನುರಿತವರೆಂದು ಸುಮಾರು 850ರ ಕವಿರಾಜಮಾರ್ಗ ಹೇಳಿಲ್ಲವೇ, ಅದೂ ಇದೇ ಜಿಲ್ಲೆಯ ಮಳಖೇಡದಲ್ಲಿ ಕೂತು? ಕೇಳುಗನ ಕಿವಿಯನ್ನು ನಂಬಬೇಡವೇ? ಆಕ್ಷೇಪ ಗಂಭೀರವಾದದ್ದು. ಆದರೆ ಮಳಖೇಡದ ಕಾಲಕ್ಕೆ ಕ್ಯಾಸೆಟ್ ಇರಲಿಲ್ಲವೆಂಬುದನ್ನು ಬದಿಗಿಟ್ಟರೂ, ಕೇಳುಗರು ಹೊಗಳುವುದು ಏನನ್ನು ಎಂದು ನೋಡಬೇಕು. ನ್ಯೂಯಾರ್ಕಿನ ಫೈರ್‌ಹೌಸ್ ಸ್ಟುಡಿಯೋದಲ್ಲಿ ಕಡಿಮೆ ರೊಕ್ಕದಲ್ಲಿ ಮುದ್ರಿಸಿದ ಸದ್ದು ಅದು. ಹಳೆಯ ಸೋಲ್ ಹಾಡುಗಳ ತುಣುಕುಗಳಿಗೆ ಧೂಳು ಮೆತ್ತಿದಂತಿದೆ. ನಡುನಡುವೆ ಕುಂಗ್‌ಫೂ ಸಿನಿಮಾದ ಕತ್ತಿಗಳು ಖಣಖಣಿಸುತ್ತವೆ. ಅಭಿಮಾನಿಗಳು ಮೆಚ್ಚುವುದು ಈ ಒರಟನ್ನೇ. ಆಮೇಲಿನ ಆಲ್ಬಮ್ಮುಗಳಲ್ಲಿ ಸದ್ದು ತಿಳಿಯಾದಾಗ ಸೊಗಡು ಹೋಯಿತೆಂದು ಗೊಣಗಿದವರೂ ಇವರೇ. ಗುಣವೇ ಅಳತೆಗೋಲಾಗಿದ್ದರೆ ದೋಷಕ್ಕೆ ಹೊಗಳಿಕೆ ಸಲ್ಲಬಾರದಿತ್ತು. ಕಲ್ಲು ಆರಿಸಿ ನೀರಾವರಿ ಮಾಡಿಸಿದ ಹೊಲಕ್ಕಿಂತ ಕಲ್ಲಿದ್ದ ಅಪ್ಪನ ಹೊಲವೇ ಹೊಲ ಎನ್ನುವವನಿಗೆ ಕೃಷಿ ವಿಶ್ವವಿದ್ಯಾಲಯ ಏನು ತಾನೇ ಹೇಳೀತು? ಇನ್ನೊಬ್ಬರ ಹಾಡಿನ ತುಣುಕು ಎತ್ತಿದ್ದು ಕಳ್ಳತನವೆನ್ನುವ ಉಪ-ಆಕ್ಷೇಪಕ್ಕೆ ಉತ್ತರ ಚುಟುಕು. ವಿಜ್ಞಾನೇಶ್ವರನೂ ಎಷ್ಟೋ ಸ್ಮೃತಿಕಾರರ ವಚನಗಳನ್ನು ಎತ್ತಿ ತನ್ನ ತಾಳಕ್ಕೆ ಕೂರಿಸಿದವನೇ, ಅನುಮತಿಗಾಗಿ ಯಾರ ಮನೆ ಬಾಗಿಲಿಗೂ ಹೋದವನಲ್ಲ.

ಎರಡನೆಯ ಆಕ್ಷೇಪ ನಮ್ಮ ಮನೆಯೊಳಗಿನದು, ಆದ್ದರಿಂದ ಹೆಚ್ಚು ಚುಚ್ಚುತ್ತದೆ. ಸವಾಲು-ಜವಾಬಿನ ಹಾಡು ಭೀಮಾ ತೀರಕ್ಕೆ ಹೊಸದಲ್ಲ; ದಪ್ಪು, ತುಂತುಣಿ, ತಾಳ ಹಿಡಿದು ಹರದೇಶಿ ಮೇಳದವರು ಗಂಡು ಹೆಚ್ಚೆಂದೂ ನಾಗೇಶಿ ಮೇಳದವರು ಹೆಣ್ಣು ಹೆಚ್ಚೆಂದೂ ಬೆಳತನಕ ಕಾದಾಡುತ್ತ ಬಂದಿದ್ದಾರೆ. ಆಡಿದ್ದಕ್ಕೆ ಅಲ್ಲೇ ಎದುರೇಟು, ಹಿಮ್ಮೇಳದ ಗೀಗೀ, ಕೊನೆಯ ನುಡಿಯಲ್ಲಿ ಕವಿ, ಗುರು, ಊರುಗಳ ಹೆಸರು ಪೋಣಿಸಿ ಎದೆ ತಟ್ಟಿಕೊಳ್ಳುವುದು, ಇವಿಷ್ಟೂ ವೂ-ಟ್ಯಾಂಗಿನಲ್ಲಿರುವುದೇ. ಅವರ ಕ್ಯಾಸೆಟ್ಟಿನ ಎರಡು ಮೈಗಳಿಗೂ ಶಾವೊಲಿನ್ ಕತ್ತಿ, ವೂ-ಟ್ಯಾಂಗ್ ಕತ್ತಿ ಎಂಬ ಬೇರೆಬೇರೆ ಹೆಸರಿದ್ದವು; ಒಂದು ಮೈ ಹರದೇಶಿ, ಇನ್ನೊಂದು ನಾಗೇಶಿ ಎಂದು ಓದಿಕೊಳ್ಳಲು ಅಡ್ಡಿಯಿಲ್ಲ. ಹಾಗಿದ್ದರೆ, ಎಂದು ಕೇಳುತ್ತಾರೆ ಆಕ್ಷೇಪಕರು, ಜಾತ್ರೆಯಲ್ಲಿ ಕೂತ ಕೇಳುಗ ‘ಇವರ ಮೊದಲ ಆಲ್ಬಮ್ಮೇ ಚೆಂದ’ ಎಂದದ್ದುಂಟೇ? ಇಲ್ಲ. ಅಲ್ಲಿ ಮೊದಲನೆಯದು ಎಂಬುದೇ ಇಲ್ಲ. ನಿನ್ನೆ ರಾತ್ರಿ ಹಾಡಿದ್ದು ಬೆಳಗಿನ ಗಾಳಿಗೆ ಹೋಯಿತು. ಇದು ನಮ್ಮ ಸಿದ್ಧಾಂತವನ್ನು ಮುರಿಯುವುದಿಲ್ಲ, ಗಟ್ಟಿ ಮಾಡುತ್ತದೆ. ಹಾಡು ಗಾಳಿಯಲ್ಲಿರುವವರೆಗೆ ಕೇಳುಗ ಬರೀ ಹಾಡನ್ನು ಕೇಳುತ್ತಾನೆ, ಮೆಚ್ಚಿದರೆ ಆಯಾರ ಮಾಡುತ್ತಾನೆ, ಮೆಚ್ಚದಿದ್ದರೆ ಚಹಾಕ್ಕೆ ಏಳುತ್ತಾನೆ. ಹಾಡು ವಸ್ತುವಾದ ಕ್ಷಣ ಖಾತೆದಾರ ಹುಟ್ಟುತ್ತಾನೆ. ಭೀಮೆಯ ಆಚೆ ದಂಡೆಯ ಸೀಮೆಯಲ್ಲಿ ಹಲಸಂಗಿ ಗೆಳೆಯರು 1933ರಲ್ಲಿ ಲಾವಣಿಗಳನ್ನು ‘ಜೀವನ ಸಂಗೀತ’ವೆಂದು ಅಚ್ಚು ಹಾಕಿಸಿದರು, 36 ಚೇಂಬರ್ಸಿಗಿಂತ ಸರಿಯಾಗಿ ಅರವತ್ತು ವರ್ಷ ಮೊದಲು. ಅಲ್ಲಿಯವರೆಗೆ ಬಾಯಿಯಿಂದ ಬಾಯಿಗೆ ಓಡಾಡುತ್ತಿದ್ದ ಹಾಡಿಗೆ ಮೊದಲ ಮುದ್ರಣ ಎಂಬ ಸರ್ವೆ ನಂಬರು ಬಂತು. ಅಭಿಪ್ರಾಯಗಳೂ ಬಂದವು.

ನಾಗೇಶಿ ಮೇಳದ ಹೆಸರು ಬಂದದ್ದರಿಂದ ಒಂದು ಮಾತು. ವೂ-ಟ್ಯಾಂಗ್ ಅಭಿಮಾನಿಗಳ ಕೂಟದಲ್ಲಿ ಗಂಡಸರ ಗದ್ದಲವೇ ಹೆಚ್ಚು. ಇದು ಹುಡುಗಿಯರಿಗೆ ತಿಳಿಯುವ ಹಾಡಲ್ಲ ಎಂಬ ಅಭಿಪ್ರಾಯವೂ ಅಲ್ಲಿ ಕೇಳಿಸುತ್ತದೆ. ಹಳೆಯ ಮಿತಾಕ್ಷರಾ ಇವರ ಪರ ನಿಲ್ಲುತ್ತಿತ್ತೆಂಬುದನ್ನು ಒಪ್ಪಬೇಕು. ಆದರೆ ಕರ್ನಾಟಕ 1994ರಲ್ಲಿಯೇ ಕಾಯ್ದೆ ತಿದ್ದಿ ಮದುವೆಯಾಗದ ಹೆಣ್ಣುಮಕ್ಕಳಿಗೂ ಜನ್ಮದ ಹಕ್ಕು ಕೊಟ್ಟಿತು, 2005ರಲ್ಲಿ ದೇಶವೇ ಎಲ್ಲ ಹೆಣ್ಣುಮಕ್ಕಳಿಗೂ ಕೊಟ್ಟಿತು. ಆಲ್ಬಮ್ ಬಂದ ಮರುವರ್ಷವೇ ನಮ್ಮ ತಿದ್ದುಪಡಿ ಬಂದದ್ದು ಕಾಕತಾಳೀಯವೆಂದು ಯಾರಾದರೂ ಅಂದರೆ ಅವರೊಂದಿಗೆ ವಾದವಿಲ್ಲ, ನಾಗೇಶಿ ಮೇಳದ ಮುಂದೆ ಒಂದು ರಾತ್ರಿ ಕೂರಿಸಿದರೆ ಸಾಕು.

ಉಳಿದದ್ದು ಬಂಗಾಲದ ಆಕ್ಷೇಪ. ಅಲ್ಲಿನ ಜೀಮೂತವಾಹನನ ದಾಯಭಾಗ ಗ್ರಂಥದ ಪ್ರಕಾರ ಒಡೆಯ ಇರುವವರೆಗೆ ಮಕ್ಕಳಿಗೆ ಹಕ್ಕಿಲ್ಲ. ಅವನು ಹೋದ ಮೇಲೆ ಪಾಲು. ಈ ಮತದ ಕೇಳುಗರೂ ಇದ್ದಾರೆ. 2004ರ ನವೆಂಬರ್ 13ರಂದು ಓಲ್ ಡರ್ಟಿ ಬಾಸ್ಟರ್ಡ್ ತೀರಿಕೊಂಡ ಮೇಲೆ, ಅವನೇ ಗುಂಪಿನ ಜೀವವಾಗಿದ್ದ ಎಂದು ಹಲವರಿಗೆ ಒಮ್ಮೆಲೇ ಹೊಳೆಯಿತು. ಇಂಥವರನ್ನು ದಾಯಭಾಗೀಯರೆಂದು ಕರೆದು ಗೌರವದಿಂದಲೇ ಪ್ರತ್ಯೇಕ ಸಾಲಿನಲ್ಲಿ ಕೂರಿಸಬಹುದು. ಕೋಲ್‌ಬ್ರೂಕ್ ಸಾಹೇಬನು 1810ರಲ್ಲಿ ಕಲ್ಕತ್ತೆಯಲ್ಲಿ ಎರಡೂ ಮತಗಳನ್ನು ಇಂಗ್ಲಿಷಿಗೆ ತಿರುಗಿಸಿ ಒಂದೇ ಸಂಪುಟವಾಗಿ ಹೊಲಿಸಿದ. ಎರಡು ಮೈಗಳ ಕ್ಯಾಸೆಟ್ಟಿನ ಕಲ್ಪನೆಗೂ ಇಂಗ್ಲಿಷರು ಕಲಬುರಗಿ ಸೀಮೆಗೆ ಋಣಿಯಾದಂತಾಯಿತು.

ಎಲ್ಲ ಆಕ್ಷೇಪಗಳಿಗೂ ಕಟ್ಟಕಡೆಯ ಪ್ರಮಾಣವನ್ನು ಗುಂಪೇ ಒದಗಿಸಿದೆ. ‘ಒನ್ಸ್ ಅಪಾನ್ ಎ ಟೈಮ್ ಇನ್ ಶಾವೊಲಿನ್’ ಎಂಬ ಅವರ ಆಲ್ಬಮ್ಮಿನ ಪ್ರತಿ ಲೋಕದಲ್ಲಿ ಒಂದೇ ಒಂದು. 2015ರಲ್ಲಿ ಅದನ್ನು ಔಷಧ ವ್ಯಾಪಾರಿ ಮಾರ್ಟಿನ್ ಶ್ಕ್ರೇಲಿ 20 ಲಕ್ಷ ಡಾಲರಿಗೆ ಕೊಂಡ. ಅವನ ಮೇಲಿನ ವಂಚನೆಯ ಅಪರಾಧ ಸಾಬೀತಾಗಿ ಅಮೆರಿಕ ಸರಕಾರ ಅದನ್ನು ಜಪ್ತು ಮಾಡಿತು. 2021ರಲ್ಲಿ ಇನ್ನೊಬ್ಬರಿಗೆ ಮಾರಿತು. 88 ವರ್ಷ, ಅಂದರೆ 2103ರವರೆಗೆ, ಅದನ್ನು ವ್ಯಾಪಾರಕ್ಕಾಗಿ ಬಿಡುಗಡೆ ಮಾಡಕೂಡದೆಂಬುದು ಮೂಲ ಕರಾರು. ಒಡೆತನದಲ್ಲಿ ಇದಕ್ಕಿಂತ ಚೊಕ್ಕವಾದ ಆಲ್ಬಮ್ ಇಲ್ಲ. ಇದು ಮೊದಲಿನಷ್ಟು ಚೆನ್ನಾಗಿಲ್ಲ ಎಂದು ರೊಳ್ಳೆ ತೆಗೆಯಲು ಹಕ್ಕುದಾರರೇ ಇಲ್ಲ. 2024ರ ಜೂನಿನಲ್ಲಿ ತಾಸ್ಮೇನಿಯಾದ ವಸ್ತುಸಂಗ್ರಹಾಲಯವೊಂದು ಕೆಲವರನ್ನು ಕೂರಿಸಿ ಸ್ವಲ್ಪ ಹೊತ್ತು ಕೇಳಿಸಿ ಕಳಿಸಿದ್ದುಂಟು, ಆದರೆ ಒಂದು ಮುಂಗಾರಿಗೆ ಕೋರು ಹಾಕಿಕೊಂಡವನಿಗೆ ವಾರಸಾ ಹಕ್ಕು ಬರುವುದಿಲ್ಲ. ಅತನೂರ ನಾಡಕಚೇರಿಯ ಪಹಣಿಯ ನಮೂನೆಯಲ್ಲಿ ಇದನ್ನು ತುಂಬುವುದಾದರೆ 9ನೆಯ ಕಾಲಮ್ಮಿನಲ್ಲಿ ಖಾತೆದಾರನ ಹೆಸರು ಒಂದೇ, ಕೆಂಪು ಶಾಯಿಯ ತಕರಾರಿಲ್ಲ. 11ನೆಯದರಲ್ಲಿ ಋಣಭಾರ, 2103ರವರೆಗೆ. 12ನೆಯ ಕಾಲಮ್ಮಿನಲ್ಲಿ, ಬೆಳೆ ಎಂದಿರುವ ಕಡೆ: ಬೀಳು.