ಹುಬ್ಬಳ್ಳಿಯ ದೇಶಪಾಂಡೆ ನಗರದ ಕಟ್ಟೆ ನ್ಯಾಯಪೀಠಕ್ಕೆ

ಮುಂಜಾನೆ ವಾಕಿಂಗ್ ಮುಗಿಸಿ, ಚಹಾ ಕುಡಿಯುತ್ತ, ಊರವರ ಮಕ್ಕಳ ಭವಿಷ್ಯ ತೀರ್ಮಾನಿಸುವ ನಮ್ಮ ಓಣಿಯ ಹಿರಿಯರಿಗೆ, ಆರೋಪಿಯ ಮೌಶಿ ಮಾಡುವ ಶಿರಸಾಷ್ಟಾಂಗ ನಮಸ್ಕಾರಗಳು.

ಆರೋಪ ನಿಜ. ಎಂ.ಎಸ್ಸಿ. ಓದಲೆಂದು ಇಂಗ್ಲೆಂಡಿಗೆ ಹೋದ ನಮ್ಮ ಅಕ್ಕನ ಮಗಳು 2025ರ ಆಗಸ್ಟ್ 15ರ ರಾತ್ರಿ ಲಂಡನ್ನಿನ ವೆಂಬ್ಲಿ ಸ್ಟೇಡಿಯಂನಲ್ಲಿ, ಬ್ಲ್ಯಾಕ್‌ಪಿಂಕ್ ಎಂಬ ಕೊರಿಯಾದ ತಂಡದ ಹಾಡಿಗೆ, ಸುತ್ತಿಗೆ ಆಕಾರದ ಗುಲಾಬಿ ದೀಪವೊಂದನ್ನು ಬೀಸುತ್ತ ಕುಣಿದಿದ್ದಾಳೆ. ವಾಟ್ಸಾಪ್ ಸ್ಟೇಟಸ್ಸಿಗೆ ತಾನೇ ಹಾಕಿಕೊಂಡಿದ್ದರಿಂದ ನಿಮಗೆ ಬೇರೆ ಸಾಕ್ಷಿ ಹುಡುಕುವ ಕಷ್ಟವೂ ಬರಲಿಲ್ಲ. “ಕಳಿಸಿದ್ದು ಓದ್ಲಿಕ್ಕೋ, ಕುಣೀಲಿಕ್ಕೋ?” ಎಂದು ನೀವು ನಮ್ಮ ಭಾವನವರನ್ನು ಹಾಲಿನ ಅಂಗಡಿ ಮುಂದೆ ನಿಲ್ಲಿಸಿ ಕೇಳಿದ್ದೂ ನಿಜ. ಅಂದಿನಿಂದ ಅವರು ಹಾಲು ತರಲು ಹಿಂದಿನ ಓಣಿಯಿಂದ ಹೋಗುತ್ತಿದ್ದಾರೆ.

“ಸ್ವಾತಂತ್ರ್ಯ ದಿನ, ಇಂಗ್ರಜರ ನೆಲದಾಗ, ಕೊರಿಯಾದವರ ಹಾಡು!” ಎಂದು ನಿಮ್ಮಲ್ಲೊಬ್ಬರು ಉದ್ಗರಿಸಿದರಂತೆ. ತಮ್ಮ ಅವಗಾಹನೆಗೆ: ಜಪಾನಿನ ಹಿಡಿತದಿಂದ ಕೊರಿಯಾ ಬಿಡುಗಡೆಯಾದದ್ದು 1945ರ ಆಗಸ್ಟ್ 15ಕ್ಕೆ. ಆ ದಿನ ಅವರಿಗೂ ಧ್ವಜದ ದಿನವೇ. ಹೀಗಾಗಿ ಕಲಂ ಒಂದು ಸ್ವಲ್ಪ ದುರ್ಬಲವಾಗಿದೆ. ಬೇರೆ ಕಲಂಗಳನ್ನು ಗಟ್ಟಿ ಮಾಡಿಕೊಳ್ಳಿರಿ.

ನಿಮ್ಮ ತೀರ್ಪನ್ನು ನಾನು ಪ್ರಶ್ನಿಸುವುದಿಲ್ಲ. ಹಾಡು ಕೇಳಲು ಓದು ಬಿಟ್ಟು ರಾತ್ರಿ ತಿರುಗುವ ಮಕ್ಕಳನ್ನು ಹಿಡಿದು ತರಬೇಕು, ಸರಿ. ನನ್ನ ಅರಿಕೆ ಇಷ್ಟೇ: ಈ ತೀರ್ಪು ಪೂರ್ವಾನ್ವಯವಾಗಲಿ. ಹಳೆಯ ಪ್ರಕರಣಗಳು ಬಹಳ ಬಾಕಿ ಉಳಿದಿವೆ.

ಮೊದಲನೆಯ ಆರೋಪಿ ಗದುಗಿನ ಒಬ್ಬ ಮಾಸ್ತರರ ಮಗ. ಭಜನೆ, ಬ್ಯಾಂಡು ಎಲ್ಲಿ ಕೇಳಿದರೂ ಬೆನ್ನು ಹತ್ತಿ ಹೋಗಿ, ದಣಿದಲ್ಲೇ ಮಲಗಿಬಿಡುತ್ತಿದ್ದ. ಸಿಕ್ಕವರು ಮನೆಗೆ ತಂದು ಬಿಡಲೆಂದು ಅಪ್ಪ ಅವನ ಅಂಗಿಯ ಮೇಲೆ ‘ಜೋಶಿ ಮಾಸ್ತರರ ಮಗ’ ಎಂದು ಬರೆಸಿದ್ದರಂತೆ. 1933ರಲ್ಲಿ, ಹನ್ನೊಂದರ ವಯಸ್ಸಿಗೆ, ಅಬ್ದುಲ್ ಕರೀಂ ಖಾನರ ಒಂದು ರೆಕಾರ್ಡಿನ ಗುಂಗು ಹಿಡಿದು ಈ ಹುಡುಗ ಮನೆ ಬಿಟ್ಟ. ಅನ್ನಕ್ಕೆ ತುಪ್ಪ ಸಾಲಲಿಲ್ಲವೆಂಬುದು ನೆಪ. ಕೈಯಲ್ಲಿ ಟಿಕೆಟ್ ಇಲ್ಲ, ಟಿ.ಸಿ. ಬಂದರೆ ಹಾಡಿ ತೋರಿಸುವುದು. ಗ್ವಾಲಿಯರ್ ಅಂತೆ, ಎಲ್ಲೆಲ್ಲೋ ಅಂತೆ, ಕಡೆಗೆ ಅಪ್ಪನ ಕೈಗೆ ಸಿಕ್ಕದ್ದು ಜಲಂಧರದಲ್ಲಿ. ನಮ್ಮ ಹುಡುಗಿ ವೀಸಾ ಮಾಡಿಸಿ, ಟಿಕೆಟ್ ತೆಗೆಸಿ, ವಿಮೆ ಕಟ್ಟಿ ಹೋದವಳು. ತೂಗಿ ನೋಡಿದರೆ ಭೀಮಸೇನ ಜೋಶಿಯವರ ಅಪರಾಧವೇ ದೊಡ್ಡದು. ಅವರಿಗೆ 2008ರಲ್ಲಿ ಘೋಷಿಸಿದ ಭಾರತರತ್ನವನ್ನು ವಾಪಸು ಪಡೆಯಲು ದಿಲ್ಲಿಗೆ ಒಂದು ಅರ್ಜಿ ಹೋಗಲಿ. ಅಕ್ಷರ ನಾನು ಚೆಂದ ಬರೆಯುತ್ತೇನೆ, ಸಹಿ ನಿಮ್ಮದಿರಲಿ.

ಎರಡನೆಯ ಕಲಂ ಇನ್ನೂ ಸೂಕ್ಷ್ಮ. ಹುಡುಗಿಯ ಖೋಲಿಯ ಗೋಡೆ ಮೇಲಿನ, ಬಿ.ಟಿ.ಎಸ್. ಎಂಬ ಇನ್ನೊಂದು ಕೊರಿಯಾದ ತಂಡದ ಪೋಸ್ಟರ್ ಕಂಡು ನೀವು, “ತುಟಿಗೆ ಬಣ್ಣ ಹಚ್ಚಿಕೊಂಡಾರ, ಗಂಡಸ್ರೋ ಹೆಂಗಸ್ರೋ ತಿಳೀವಲ್ತು” ಎಂದಿರಿ. ಬಹಳ ಖರೆ. ಆದರೆ ಹಾಗೆಂದವರು ಅಂದೇ ಸಂಜೆ ಇದೇ ಬಡಾವಣೆಯ ಸವಾಯಿ ಗಂಧರ್ವ ಹಾಲಿನಲ್ಲಿ ಮುಂದಿನ ಸಾಲಿನಲ್ಲಿ ಕೂತಿದ್ದಿರಿ. ಆ ಹೆಸರಿನ ಮೂಲ ಹೇಳಲೇ? ಕುಂದಗೋಳದ ರಾಮಭಾವು, ಓದಲೆಂದು ಹುಬ್ಬಳ್ಳಿಯ ಶಾಲೆಗೆ ಹಾಕಿದ ಹುಡುಗ, ಓದು ಬಿಟ್ಟು ಗಾಯನ ಹಿಡಿದು, ಮರಾಠಿ ನಾಟಕ ಕಂಪನಿ ಸೇರಿ, ಸೀರೆ ಉಟ್ಟು, ಬಣ್ಣ ಬಳಿದುಕೊಂಡು ಸ್ತ್ರೀಪಾತ್ರ ಮಾಡಿದರು. ಸ್ತ್ರೀಪಾತ್ರಕ್ಕೆ ಹೆಸರಾದ ಬಾಲಗಂಧರ್ವರಿಗಿಂತ ಕಾಲು ಪಾಲು ಹೆಚ್ಚು ಎಂದು ಮೆಚ್ಚಿದ ಜನ ಕೊಟ್ಟ ಬಿರುದು ಸವಾಯಿ ಗಂಧರ್ವ. ಗೋಡೆಯ ಮೇಲೆ ಲಿಪ್‌ಸ್ಟಿಕ್ ಹಚ್ಚಿದ ಏಳು ಹುಡುಗರ ಪೋಸ್ಟರ್ ಇರಬಾರದೆಂದಾದರೆ, ಆ ಹಾಲಿನ ಬೋರ್ಡೂ ಇಳಿಯಬೇಕಲ್ಲ? ಏಣಿ ನಮ್ಮ ಮನೆಯಲ್ಲಿದೆ.

ಇನ್ನು ಭಾಷೆ. “ಒಂದಕ್ಷರ ತಿಳೀತದೇನು ಆಕಿಗೆ?” ಎಂದು ಕೇಳಿದಿರಿ. ತಿಳಿಯುತ್ತದೆ, ಅದೇ ತೊಂದರೆ. ಕೊರಿಯಾದವರದು ಸೇಜೋಂಗ್ ಎಂಬ ರಾಜ 1446ರಲ್ಲಿ ಪ್ರಜೆಗಳಿಗೆ ಸುಲಭವಾಗಲೆಂದು ಹೊರಡಿಸಿದ ಲಿಪಿಯಂತೆ. ಈಗ ಮೂಲಾಕ್ಷರ ಬರೀ 24. ಅವಳು ರಜೆಯಲ್ಲಿ ಕೂತು ಕಲಿತುಬಿಟ್ಟಳು. ನಮ್ಮದು ಬೇರೆ ಪದ್ಧತಿ. ಬ್ರಜ್ ಭಾಷೆಯ ಬಂದಿಶಿನಲ್ಲಿ ಅತ್ತೆ ಬೈದಳೋ, ನಾದಿನಿ ಎದ್ದಳೋ, ಕೃಷ್ಣ ಕೊಡ ಒಡೆದನೋ ಗೊತ್ತಾಗದೆ ನಾವು ಅರ್ಧ ಶತಮಾನ ಕಣ್ಣು ಮುಚ್ಚಿ ತಲೆದೂಗಿದ್ದೇವೆ. ಕೊರಿಯಾದವರ ಕಛೇರಿಯಲ್ಲಿ ಹಾಡಿನ ಗೊತ್ತಾದ ಜಾಗಕ್ಕೆ ಅಭಿಮಾನಿಗಳು ತಂಡದವರ ಹೆಸರುಗಳನ್ನು ಕ್ರಮವಾಗಿ ಕೂಗಬೇಕು, ತಪ್ಪಿದರೆ ಅಪಮಾನ. ನಮ್ಮಲ್ಲಿ “ಕ್ಯಾ ಬಾತ್ ಹೈ” ಎನ್ನಲು ಜಾಗದ ನಿರ್ಬಂಧವಿಲ್ಲ. ತಂಬೂರಿ ಶ್ರುತಿ ಮಾಡುವಾಗಲೇ ಅಂದವರನ್ನು ನಾನು ಬಲ್ಲೆ. ಅವರ ಕೈದೀಪಗಳಿಗೆ ಫೋನಿನಿಂದ ಸೀಟ್ ನಂಬರ್ ಹೊಂದಿಸಿದರೆ ಸಾಕು, ಕಂಟ್ರೋಲ್ ರೂಮಿನವರು ಇಡೀ ಸ್ಟೇಡಿಯಂನ ಬಣ್ಣ ಒಮ್ಮೆಲೇ ಬದಲಿಸುತ್ತಾರೆ. ತಾಳದ ಸಮ್ ಬಂದಾಗ ನಿಮ್ಮ ತಲೆಗಳೆಲ್ಲ ಒಟ್ಟಿಗೆ ಬಾಗುವುದು ಬ್ಲೂಟೂತ್ ಇಲ್ಲದೆಯೇ. ಇದನ್ನು ಮಾತ್ರ ಹೆಮ್ಮೆಯಿಂದ ಒಪ್ಪುತ್ತೇನೆ.

ಖರ್ಚಿನ ಮಾತು ಬಂದಾಗ ನಾನೂ ನಿಮ್ಮ ಕಡೆಗೇ. ಆಲ್ಬಂ ಕೊಂಡರೆ ಒಳಗೊಂದು ಫೋಟೋಕಾರ್ಡ್. ಯಾರ ಮುಖ ಬರುತ್ತದೆಂಬುದು ಲಕೋಟೆ ಒಡೆದ ಮೇಲೇ ಗೊತ್ತು. ಬೇಕಾದ ಮುಖ ಬರುವ ತನಕ ಅದೇ ಆಲ್ಬಂ ಮತ್ತೆ ಮತ್ತೆ ಕೊಳ್ಳುವವರಿದ್ದಾರೆ. ಟಿಕೆಟ್ ಮೊದಲು ಸಿಗಲೆಂದು ಸದಸ್ಯತ್ವ ಕೊಳ್ಳುವುದು, ಆಮೇಲೆ ಕಂಪ್ಯೂಟರಿನ ಮುಂದೆ ಸರತಿ ಕಾಯುವುದು. ಇದು ಶುದ್ಧ ವ್ಯಾಪಾರ, ಅದರಲ್ಲೂ ಚಾಣಾಕ್ಷ ವ್ಯಾಪಾರ. ಹದಿಹರೆಯದ ಭಕ್ತಿಯನ್ನು ಅಳೆದು ಮಾರುವುದು ಅವರಿಗೆ ಸಿದ್ಧಿಸಿದೆ. ಆದರೆ ಹುಡುಗಿ ಟಿಕೆಟ್ ಕೊಂಡದ್ದು ಬ್ಯಾಂಕಿನ ಸಾಲದಿಂದಲ್ಲ. ಅಲ್ಲಿನ ಸ್ಟೂಡೆಂಟ್ ವೀಸಾದವರು ಕಾಲೇಜು ನಡೆಯುವಾಗ ವಾರಕ್ಕೆ 20 ತಾಸು ಮಾತ್ರ ದುಡಿಯಬಹುದು. ಆ ತಾಸುಗಳಲ್ಲಿ ಕಾಫಿ ಅಂಗಡಿಯ ಲೋಟ ತೊಳೆದು ಕೂಡಿಟ್ಟ ದುಡ್ಡು ಅದು. ಇಲ್ಲಿ ಕುಡಿದ ಬಸಿ ಎತ್ತಿಡದವಳು, ಇದು ನಮಗೂ ಸುದ್ದಿಯೇ.

ಕುಣಿತದ ಹಿಂದಿನ ದುಡಿತವೂ ನೀವು ತಿಳಿದಷ್ಟು ಹಗುರವಲ್ಲ. ಬ್ಲ್ಯಾಕ್‌ಪಿಂಕ್ ತಂಡದ ಲಿಸಾ ಥಾಯ್ಲೆಂಡಿನವಳು. 2011ರಲ್ಲಿ ಹದಿನಾಲ್ಕರ ಹುಡುಗಿ ಸೋಲ್ ನಗರಕ್ಕೆ ಹೋಗಿ ವರ್ಷಗಟ್ಟಲೆ ಕಂಪನಿಯ ತಾಲೀಮಿನಲ್ಲಿ ತೇದ ಮೇಲೆ, 2016ರಲ್ಲಿ ಮೊದಲು ವೇದಿಕೆ ಹತ್ತಿದಳು. ಕುಂದಗೋಳದಲ್ಲಿ ಗುರು ಸವಾಯಿ ಗಂಧರ್ವರ ಮನೆಗೆ ನೀರು ಹೊತ್ತ ಭೀಮಸೇನರ ಕಥೆಯನ್ನು ಮೊಮ್ಮಕ್ಕಳಿಗೆ ಹೇಳುವಾಗ ನಿಮ್ಮ ಕಣ್ಣು ಒದ್ದೆಯಾಗುತ್ತದೆ. ಲಿಸಾಳ ಕಥೆಗೆ ಮಾತ್ರ ಹುಬ್ಬು ಮೇಲೇರುತ್ತದೆ.

ಕೊನೆಯ ಪ್ರಕರಣ ನಮ್ಮ ಬಡಾವಣೆಯದೇ, ‘ಗಂಗಾಲಹರಿ’ ಮನೆಯದು. ಆ ಮನೆಯ ಗಾಯಕಿ ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲು ಹಿಡಿದು ಕುಂದಗೋಳಕ್ಕೆ ಅದೇ ಗುರುಗಳ ಪಾಠಕ್ಕೆ ಹೋಗುತ್ತಿದ್ದರು. ಮರಳುವಾಗ ಸ್ಟೇಷನ್ನಿನ ತನಕ ಭೀಮಸೇನರು ಜೊತೆ ಬರುತ್ತಿದ್ದರು. ಅದಕ್ಕೂ ಮೊದಲು, ಧಾರವಾಡದಲ್ಲಿ ಹುಡುಗಿಯಾಗಿದ್ದಾಗ, ಆಕೆ ಓಣಿಯಲ್ಲಿ ನಡೆದರೆ ಮಾನವಂತರು ಬಾಗಿಲಿಗೆ ಬಂದು “ಗಾನೇವಾಲಿ” ಎಂದು ಹಂಗಿಸುತ್ತಿದ್ದರು. ಆಕೆಗೆ 2002ರಲ್ಲಿ ಪದ್ಮವಿಭೂಷಣ ಬಂತು. ಬಾಗಿಲಿಗೆ ಬಂದು ನಿಂತವರ ಹೆಸರು ಯಾರಿಗೂ ನೆನಪಿಲ್ಲ. ಈ ಪ್ರಕರಣದಲ್ಲಿ ನಗಲು ನನಗೆ ಆಗುತ್ತಿಲ್ಲ, ಕ್ಷಮೆಯಿರಲಿ. ಆ ಬಾಗಿಲುಗಳ ವಾರಸುದಾರರು ಯಾರೆಂದು ನೀವೇ ಪತ್ತೆ ಹಚ್ಚಿರಿ. ನಿಮಗೆ ಮುಂಜಾನೆ ಪುರಸತ್ತು ಇರುತ್ತದೆ.

ಹುಡುಗಿ ಪ್ರಬಂಧ ಸಲ್ಲಿಸಿದ್ದಾಳೆ. ಪಾಸಾದರೆ ಪೇಢಾ ಕಳಿಸುತ್ತೇವೆ, ಧಾರವಾಡದ್ದೇ. ನಪಾಸಾದರೆ ನೀವು ಹೇಳಿದ್ದೇ ಖರೆಯಾಯಿತೆಂದು ಅದೇ ಪೇಢಾ ನೀವು ನಮಗೆ ಕಳಿಸಬಹುದು.

ಇಂತು ನಿಮ್ಮ ವಿಧೇಯ,
ಆರೋಪಿಯ ಮೌಶಿ

ತಾ.ಕ.: ನಿಮ್ಮ ಪೀಠದ ಸದಸ್ಯರೊಬ್ಬರು ಮೊನ್ನೆ ರಾತ್ರಿ ಭಾವನವರಿಗೆ ಗುಟ್ಟಾಗಿ ಫೋನ್ ಮಾಡಿ, ಮೊಮ್ಮಗಳಿಗೆ ಒಂದು ಆಲ್ಬಂ ತರಿಸಿಕೊಡಿರಿ, ಒಳಗೆ ಬ್ಲ್ಯಾಕ್‌ಪಿಂಕಿನ ಜೆನ್ನಿಯ ಕಾರ್ಡೇ ಇರಲಿ ಎಂದು ಕೇಳಿದ್ದಾರೆ. ಹೆಸರು ಹೇಳುವುದಿಲ್ಲ. ಆದರೆ ಯಾರ ಕಾರ್ಡ್ ಬರುತ್ತದೆಂಬುದಕ್ಕೆ ಹುಡುಗಿ ಜವಾಬ್ದಾರಳಲ್ಲ, ಮತ್ತು ದುಡ್ಡು ಮುಂಗಡ.