ಮಂತ್ರ ತೊರೆದ ಮಾಂತ್ರಿಕರು

1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬ ಮಹನೀಯರೀರ್ವರು 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಪಾತ್ರಾಭಿನಯದ ಆಟವನ್ನು ಪ್ರಕಟಿಸಿದಾಗ ಅದರಲ್ಲಿದ್ದ ಪಾತ್ರಗಳ ವರ್ಗಗಳು ಮೂರೇ: ಕಾದುವವನು, ಮಂತ್ರ ಹಾಕುವವನು, ಇವೆರಡನ್ನೂ ಅಷ್ಟಿಷ್ಟು ಮಾಡಿಕೊಂಡು ದೇವರ ಹೆಸರು ಹೇಳುವ ಪುರೋಹಿತ. ಕಾಲಾಂತರದಲ್ಲಿ ಮಂತ್ರದ ಚಪಲ ಎಲ್ಲರಿಗೂ ಹತ್ತಿ, 2014ರ ಆವೃತ್ತಿಯ ವೇಳೆಗೆ ಕಾಡು ಅಲೆಯುವ ರೇಂಜರನೂ ಧರ್ಮವೀರನಾದ ಪ್ಯಾಲಡಿನನೂ ಎರಡನೆಯ ಮಟ್ಟಕ್ಕೇರುತ್ತಲೇ ಮಂತ್ರಪಠನಕ್ಕೆ ತೊಡಗಿದರು.

ಇದನ್ನು ಸಹಿಸಲಾರದ ಆಟಗಾರರು, ಅಚ್ಚಾದ ನಿಯಮಗಳನ್ನು ಬದಿಗಿರಿಸಿ, ಮನೆಯಲ್ಲೇ ಉಪ್ಪಿನಕಾಯಿ ಹಾಕುವವರ ಶ್ರದ್ಧೆಯಿಂದ, ಮಂತ್ರವರ್ಜಿತ ವರ್ಗಗಳನ್ನು ರಚಿಸತೊಡಗಿದ್ದಾರೆ. ಮಂತ್ರ ಕಿತ್ತ ಜಾಗದಲ್ಲಿ ಬ್ಯಾಟಲ್ ಮಾಸ್ಟರ್ ಎಂಬ ಯೋಧನಿಂದ ಕಡ ತಂದ ನಾಲ್ಕು ಎಂಟುಮುಖದ ದಾಳಗಳು. ಗಾಯ ಮಾಯಿಸುವ ಮಂತ್ರಕ್ಕೆ ಬದಲು ಸೊಪ್ಪಿನ ಲೇಪ. ಆ ಲೇಪವೂ ಕ್ಷಣಾರ್ಧದಲ್ಲೇ ಗಾಯ ಮಾಯಿಸುವುದಾದರೂ ಅದನ್ನು ಮಂತ್ರವೆಂದರೆ ಕರ್ತೃವಿಗೆ ಕೆಂಡದಂಥ ಕೋಪ!

ನನಗೆ ಪರಮಪ್ರಿಯನಾದವನು ಮಂತ್ರವಿಲ್ಲದ ವಿಜರ್ಡ್, ಅಂದರೆ ಮಂತ್ರ ತೊರೆದ ಮಾಂತ್ರಿಕ. ಆರುಮುಖದ ದಾಳದಷ್ಟೇ ಆಯುಷ್ಯವುಳ್ಳ ಆ ಬಡಪಾಯಿ, ಬೆಂಕಿಯುಂಡೆ ಎಸೆಯುವ ಅಧಿಕಾರವನ್ನು ಕಳೆದುಕೊಂಡು, ತನ್ನ ಹೊತ್ತಗೆಯಿಂದಲೇ ರಾಕ್ಷಸನ ನೆತ್ತಿಗೆ ಬಡಿಯಬೇಕಂತೆ. ಪಂಡಿತರ ಗ್ರಂಥಗಳ ಗಾತ್ರವನ್ನು ಬಲ್ಲವರಾರೂ ರಾಕ್ಷಸನು ಬದುಕುಳಿದಾನೆಂದು ಪಣ ಕಟ್ಟಲಾರರು.