ಗೆದ್ದವನೇ ಮಗ್ಗ ಮುಚ್ಚಬೇಕು

(ಲಂಡನ್, 1817. ಷೇರುಪೇಟೆಯಲ್ಲಿ ದುಡ್ಡು ಮಾಡಿ ಅರ್ಥಶಾಸ್ತ್ರ ಬರೆದ ಡೇವಿಡ್ ರಿಕಾರ್ಡೊ. ಎದುರಿಗೆ, ಅವರ ಹೊಸ ಪುಸ್ತಕದೊಳಗಿಂದಲೇ ಎದ್ದು ಬಂದ ಪೋರ್ಚುಗಲ್‌ನ ನೇಕಾರ.)

ನೇಕಾರ: ಸ್ವಾಮಿ, ನಿಮ್ಮ ಲೆಕ್ಕದಲ್ಲಿ ಬಟ್ಟೆ ನೇಯಲು ಇಂಗ್ಲೆಂಡಿಗೆ ವರ್ಷಕ್ಕೆ ಎಷ್ಟು ಆಳು?

ರಿಕಾರ್ಡೊ: 100.

ನೇಕಾರ: ನಮಗೆ?

ರಿಕಾರ್ಡೊ: 90.

ನೇಕಾರ: ಅಂದರೆ ಗೆದ್ದವನು ನಾನು!

ರಿಕಾರ್ಡೊ: ಸಂದೇಹವೇ ಇಲ್ಲ, ನಿರಪೇಕ್ಷ ಅನುಕೂಲ ನಿನ್ನದೇ. ಆದ್ದರಿಂದ ಮಗ್ಗ ಮುಚ್ಚು.

ನೇಕಾರ: ಆಂ?

ರಿಕಾರ್ಡೊ: ವೈನಿಗೆ ನಿಮಗೆ 80 ಆಳು ಸಾಕು, ನಮಗೆ 120 ಬೇಕು. ನಿಮ್ಮ ವೈನ್ ಕೊಡಿ, ನಮ್ಮ ಬಟ್ಟೆ ತಗೊಳ್ಳಿ. ನಿಮಗೆ 10 ಆಳು ಉಳಿತಾಯ, ನಮಗೆ 20. ಇದೇ ತುಲನಾತ್ಮಕ ಅನುಕೂಲ!

ನೇಕಾರ: ಆ ಉಳಿದ ಹತ್ತರಲ್ಲಿ ನಾನೂ ಒಬ್ಬನಾ?

ರಿಕಾರ್ಡೊ: ದ್ರಾಕ್ಷಿತೋಟಕ್ಕೆ ಹೋಗು.

ನೇಕಾರ: ಲಾಳಿ ಹಿಡಿದು ಬೆರಳು ಗಂಟುಗಟ್ಟಿದೆ. ಕುಡುಗೋಲು ಹಿಡಿಯಲು ಬರುವುದಿಲ್ಲ.

ರಿಕಾರ್ಡೊ: ನನ್ನ ಲೆಕ್ಕದಲ್ಲಿ ಆಳಿಗೆ ಬೆರಳಿಲ್ಲಪ್ಪ.

ನೇಕಾರ: 1703ರ ಮೆಥುಯೆನ್ ಒಪ್ಪಂದದಿಂದ ನಿಮ್ಮ ಉಣ್ಣೆಬಟ್ಟೆಗೆ ನಮ್ಮ ಬಾಗಿಲು ತೆರೆದೇ ಇದೆ. ಪೋರ್ಟೊ ವೈನ್ ವ್ಯಾಪಾರದಲ್ಲೂ ಕೂತವರು ನಿಮ್ಮ ವರ್ತಕರೇ!

ರಿಕಾರ್ಡೊ: ನೋಡು, ಎರಡು ದೇಶಕ್ಕೂ ಲಾಭ!

ನೇಕಾರ: ಷೇರಿನಲ್ಲೂ ಗೆದ್ದಿರಿ, ಶಾಸ್ತ್ರದಲ್ಲೂ ಗೆದ್ದಿರಿ. ಹಾಗಾದರೆ ನೀವೂ ಒಂದನ್ನು ಮುಚ್ಚಬೇಕಲ್ಲ?

ರಿಕಾರ್ಡೊ: ಷೇರು ಬಿಡುತ್ತಿದ್ದೇನಪ್ಪ. ಜೇಬು ತುಂಬಿತಲ್ಲ!